ಎರಡನೆಯ ಅಕ್ಷರ

ಓದುಮನೆಯ ಅಧ್ಯಕ್ಷೆ ಮಾನ್ಯ ದೊಬ್ರಿನಾ ಕುಂಚೆವಾ ಅವರೇ, ನಗರಸಭೆಯ ಪರವಾಗಿ ಹೂಗುಚ್ಛ ಹಿಡಿದು ಬಂದಿರುವ ಉಪಮೇಯರ್ ಅವರೇ, ಈಗಷ್ಟೇ ಅಕ್ಷರಗಳ ಹಾಡು ಹಾಡಿ ದಣಿದು ಕೂತಿರುವ ಗಾಯನವೃಂದದ ಸೋದರಿಯರೇ, ಸ್ತಾರಾ ಜಗೋರಾದ ಸಮಸ್ತ ಸಭಿಕರೇ, ಮತ್ತು ಭಾಷಣ ಉದ್ದವಾದರೆ ಇರಲಿ ಎಂದು ಹಿಂದಿನ ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡಿರುವ ಜಾಣರೇ,

ಮೇ ಇಪ್ಪತ್ತನಾಲ್ಕು ಅಕ್ಷರಗಳ ಹಬ್ಬ. ಈ ದಿನ ಈ ವೇದಿಕೆಯ ಮೇಲೆ ಮೇಸ್ಟರುಗಳಿಗೆ ಸನ್ಮಾನವಾಗಿದೆ, ಕವಿಗಳಿಗೆ ಆಗಿದೆ, ಒಂದು ಸಲ ನಲವತ್ತು ವರ್ಷ ಜೇನು ಸಾಕಿದ ಹಿರಿಯರೊಬ್ಬರಿಗೂ ಆಗಿದೆ. ಕಂಪ್ಯೂಟರಿನ ಸುದ್ದಿ ಬರೆಯುವವನಿಗೆ ಇದೇ ಮೊದಲು. ಅಧ್ಯಕ್ಷರು ಬಿನ್ನವತ್ತಳೆಯನ್ನು ಬಹಳ ಚೆನ್ನಾಗಿ ಓದಿದರು. ಅದರಲ್ಲಿ 'ನಿರ್ಭೀತ' ಎಂಬ ಮಾತು ಮೂರು ಸಲ ಬಂತು. ನಾನು ಎಣಿಸಿದೆ. ಎಣಿಸುವುದು ನನ್ನ ಕೆಲಸ, ಬೇಸರಪಟ್ಟುಕೊಳ್ಳಬೇಡಿ. ನನ್ನ ಜೊತೆ ಸುದ್ದಿತಾಣ ನಡೆಸಿದ ನೆವೆನಾ ತಬಾಕೊವಾ ಇದ್ದಿದ್ದರೆ ಮೂರರಲ್ಲಿ ಎರಡನ್ನು ಹೊಡೆದುಹಾಕುತ್ತಿದ್ದಳು. ಮೂರನೆಯದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದಳು.

ನನ್ನ ಬಲಜೇಬಿನಲ್ಲಿ ಎರಡು ಪುಟ ಇವೆ. ಮನೆಯಲ್ಲಿ ಕೂತು ಬರೆದು ತಂದದ್ದು. ಅದರ ತುಂಬ ಧನ್ಯವಾದಗಳೇ. ಅದನ್ನೇ ಓದಿ, ಸನ್ಮಾನದ ಹಲಗೆ ತೆಗೆದುಕೊಂಡು, ಕೆಳಗಿಳಿದು ಬಿಡಬೇಕು ಅಂದುಕೊಂಡಿದ್ದೆ. ಆದರೆ ಒಳಗೆ ಬರುವಾಗ ಬಾಗಿಲ ಮೇಲೆ ಒಂದು ಚೀಟಿ ನೋಡಿದೆ. ನೀವೂ ನೋಡಿರುತ್ತೀರಿ. ಆ ಮಾತು ಆಮೇಲೆ.

ಮೊದಲು 'ಶ್ಟೆಕೆರ್' ಬಗ್ಗೆ ಎರಡು ಮಾತು. ಗೋಡೆಗೆ ಚುಚ್ಚುವ ಪ್ಲಗ್ಗಿನ ಹೆಸರನ್ನು ಒಂದು ಸುದ್ದಿತಾಣಕ್ಕೆ ಯಾಕೆ ಇಟ್ಟಿರಿ ಎಂದು ಇಪ್ಪತ್ತಾರು ವರ್ಷದಿಂದ ಜನ ಕೇಳುತ್ತಿದ್ದಾರೆ. ದೊಡ್ಡ ಕಾರಣವೇನೂ ಇಲ್ಲ. ನಮ್ಮ ಊರಿನ ಕಂಪ್ಯೂಟರ್ ಡಿಸ್ಕ್ ಕಾರ್ಖಾನೆಯಲ್ಲಿ ನಾನೂ ನೆವೆನಾಳೂ ಒಂದೇ ಪರೀಕ್ಷಾ ಮೇಜಿನಲ್ಲಿ ಹನ್ನೊಂದು ವರ್ಷ ಕೂತವರು. ತಯಾರಾದ ಡಿಸ್ಕುಗಳನ್ನು ಅವಳು ಒಂದು ಸಲ ಪರೀಕ್ಷಿಸುತ್ತಿದ್ದಳು, ನಾನು ಇನ್ನೊಂದು ಸಲ. ಇಬ್ಬರೂ ಸರಿ ಅಂದರೆ ಮಾತ್ರ ಪೆಟ್ಟಿಗೆಗೆ. ಆಮೇಲೆ ಕಾಲ ಬದಲಾಯಿತು, ಕೊಳ್ಳುವವರು ಇಲ್ಲವಾದರು, ನಮ್ಮ ಸಾಲಿನ ಮೇಜುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದರು. ಕೊನೆಯ ದಿನ ನೆವೆನಾ ತನ್ನ ಪರೀಕ್ಷಾ ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೈಚೀಲಕ್ಕೆ ಹಾಕಿಕೊಂಡಳು. 'ಯಂತ್ರ ಅವರದು, ಪ್ಲಗ್ಗು ನಾನೇ ರಿಪೇರಿ ಮಾಡಿಕೊಂಡಿದ್ದು' ಅಂದಳು. ಆ ಹೆಸರು ಅಲ್ಲಿಂದ ಬಂತು.

ಶುರುವಿನ ಎರಡು ವರ್ಷ ಅವಳ ಮನೆಯ ಗಾಜು ಮುಚ್ಚಿದ ಬಾಲ್ಕನಿಯೇ ನಮ್ಮ ಕಚೇರಿ. ಆಗ ಎರಡು ಮನೆಗೆ ಒಂದೇ ಟೆಲಿಫೋನು ತಂತಿ, ಇಂಟರ್ನೆಟ್ಟೂ ಅದರಲ್ಲೇ. ಇವರು ಮಾತಾಡುತ್ತಿದ್ದರೆ ಅವರಿಗಿಲ್ಲ, ಅವರು ಮಾತಾಡುತ್ತಿದ್ದರೆ ಇವರಿಗಿಲ್ಲ. ನಮ್ಮ ಜೊತೆ ತಂತಿ ಹಂಚಿಕೊಂಡಿದ್ದವರು ಮೇಲಿನ ಮಹಡಿಯ ಹೆಂಗಸೊಬ್ಬರು. ಅವರಿಗೆ ಪ್ಲೋವ್‌ದಿವ್‌ನಲ್ಲಿ ಒಬ್ಬ ತಂಗಿ. ತುಂಬಿದ ಮೆಣಸಿನಕಾಯಿಗೆ ಅಕ್ಕಿ ಎಷ್ಟು, ಮಾಂಸ ಎಷ್ಟು ಎಂಬ ವಿಷಯದಲ್ಲಿ ಅಕ್ಕತಂಗಿಯರಿಗೆ ಒಮ್ಮತವಿರಲಿಲ್ಲ. ಅವರ ವಾದ ಮುಗಿಯುವವರೆಗೆ ಶ್ಟೆಕೆರಿನಲ್ಲಿ ಸುದ್ದಿ ಏರುತ್ತಿರಲಿಲ್ಲ. ಪ್ರಪಂಚದ ಅರ್ಧ ಕಂಪ್ಯೂಟರುಗಳನ್ನು ಮಲಗಿಸಿದ ಒಂದು ವೈರಸ್ಸಿನ ಸುದ್ದಿಯನ್ನು ನಮ್ಮ ಓದುಗರು ಐದು ಗಂಟೆ ತಡವಾಗಿ ಓದಿದರು. ಆ ದಿನ ಮೆಣಸಿನಕಾಯಿಯ ಜೊತೆ ಅಕ್ಕಿ ತುಂಬಿ ಸುತ್ತುವ ದ್ರಾಕ್ಷಿ ಎಲೆಯ ಚರ್ಚೆಯೂ ಸೇರಿಕೊಂಡಿತ್ತು.

ನಗುತ್ತಿದ್ದೀರಿ, ಸಂತೋಷ. ಇನ್ನು ನಗಿಸುವುದು ನನ್ನಿಂದ ಆಗಲಿಕ್ಕಿಲ್ಲ.

ಆಮೇಲೆ ಪುಸ್ತಕ, ಹಾಡು, ಆಟ ಎಲ್ಲಕ್ಕೂ ಜಾಗ ಕೊಡುವ ಈ ಓದುಮನೆ ನಮಗೆ ಮೂರನೆಯ ಮಹಡಿಯ ಚದುರಂಗ ಕ್ಲಬ್ಬಿನ ಕೋಣೆಯನ್ನು ಕೊಟ್ಟಿತು. ಚದುರಂಗ ಆಡುವವರು ಆ ಹೊತ್ತಿಗೆ ಮೂರು ಜನ ಉಳಿದಿದ್ದರು, ಅವರಲ್ಲಿ ಇಬ್ಬರಿಗೆ ಮಾತಿರಲಿಲ್ಲ. ಆ ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದವರು ಊರಿಗೆಲ್ಲ ಚಿಕ್ಕಮ್ಮನಾದ ಬೋನಾ ಚಿಕ್ಕಮ್ಮ. ಅವರು ಯಾರೆಂದು ನಿಮಗೆ ನಾನು ಹೇಳಬೇಕೇ? ನೀವು ಕೂತಿರುವ ಕುರ್ಚಿಗಳನ್ನು ಸಾಲಾಗಿ ಹಾಕಿದವರು ಅವರು. ಈ ಮೈಕನ್ನು ನನ್ನ ಎತ್ತರಕ್ಕೆ ಏರಿಸಿ ಕೊಟ್ಟವರು ಅವರು. ಈ ನೀರಿನ ಲೋಟ ಇಟ್ಟವರೂ ಅವರೇ. ಎಂಬತ್ತು ದಾಟಿದೆ, ಈ ಮನೆಯ ಮೇಲ್ವಿಚಾರಣೆ ಬಿಟ್ಟಿಲ್ಲ. ಅಲ್ಲಿ ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದಾರೆ.

ಶ್ಟೆಕೆರ್ ಯಾರ ಹಂಗಿನಲ್ಲೂ ಇರಲಿಲ್ಲ ಎಂದು ಬಿನ್ನವತ್ತಳೆ ಹೇಳುತ್ತದೆ. ಅದು ನಿಜ. ಕಂಪ್ಯೂಟರ್ ಮಾರುವವರ ಜಾಹೀರಾತು ನಾವು ಹಾಕಲಿಲ್ಲ. ಓದುಗರು ಕೊಟ್ಟದ್ದರಲ್ಲಿ ನಡೆಯಿತು. ಕೊಡಲಾಗದವರು ಜಾಡಿ ತಂದರು. ಲ್ಯುತೆನಿತ್ಸಾ, ಅಂದರೆ ಸುಟ್ಟ ಕೆಂಪು ಮೆಣಸಿನಕಾಯಿಯ ಗೊಜ್ಜು, ಮನೆಯಲ್ಲಿ ಇಳಿಸಿದ ಹಣ್ಣಿನ ಸಾರಾಯಿ ರಕಿಯಾ, ಉಪ್ಪಿನಲ್ಲಿಟ್ಟ ಎಲೆಕೋಸು. ಚದುರಂಗದ ಪೆಟ್ಟಿಗೆಗಳಿದ್ದ ಬೀರುವಿನ ತುಂಬ ಜಾಡಿಗಳು. 'ನಮ್ದು ಸುದ್ದಿಮನೆ ಅಲ್ಲ ಕಣೋ, ಉಗ್ರಾಣ. ಯಾರಾದ್ರೂ ಲಂಚ ಕೊಡೋಕೆ ಬಂದ್ರೆ ಇಡೋಕೆ ಜಾಗಾನೇ ಇಲ್ಲ' ಎಂದು ನೆವೆನಾ ಹೇಳುತ್ತಿದ್ದಳು.

ಮತ್ತೆ ನಮಗೆ ಒಂದೇ ಒಂದು ಕಟ್ಟಳೆ ಇತ್ತು. ಅದು ಕಾರ್ಖಾನೆಯ ಮೇಜಿನಿಂದ ಬಂದದ್ದು. ಬರೆದವನು ಗುಂಡಿ ಒತ್ತಬಾರದು. ನಾನು ಬರೆದರೆ ಅವಳು ಓದಿ, ಪರೀಕ್ಷಿಸಿ, ತನ್ನ ಯಂತ್ರದಿಂದ ಪ್ರಕಟಿಸಬೇಕು. ಅವಳು ಬರೆದರೆ ನಾನು. ಪ್ರತಿ ಸುದ್ದಿಯ ಕೆಳಗೆ ಎರಡು ಅಕ್ಷರ ಇರುತ್ತಿತ್ತು. ಮೊದಲನೆಯದು ಬರೆದವರದು, ಎರಡನೆಯದು ಓದಿ ಒಪ್ಪಿದವರದು. 'ಜ, ನೆ'. ಇಲ್ಲವೇ 'ನೆ, ಜ'. 'ಜ' ಅಂದರೆ ಜಹಾರಿ, ನಾನು. ತಪ್ಪಾದರೆ ಅಳಿಸುವಂತಿಲ್ಲ. ತಪ್ಪಿನ ಮೇಲೆ ಗೆರೆ ಎಳೆದು, ಅದನ್ನು ಹಾಗೇ ಕಾಣುವಂತೆ ಬಿಟ್ಟು, ಕೆಳಗೆ ತಿದ್ದುಪಡಿ ಹಾಕಬೇಕು. ಅದಕ್ಕೂ ಎರಡು ಅಕ್ಷರ ಬೇಕು. ಜನ ನಮ್ಮನ್ನು ನಂಬಿದ್ದು ಯಾಕೆಂದು ನೀವು ಕೇಳಿದರೆ, ನಮ್ಮ ಬುದ್ಧಿಗಲ್ಲ. ಆ ಎರಡು ಅಕ್ಷರಕ್ಕೆ.

ನನ್ನ ಬರವಣಿಗೆಯ ಬಗ್ಗೆ ಅವಳಿಗೆ ಗೌರವ ಅಷ್ಟಕ್ಕಷ್ಟೇ. 'ನೀನ್ ಬರೆದಿದ್ದನ್ನ ಓದೋದು ಅಂದ್ರೆ ಬೇಳೆಯಲ್ಲಿ ಕಲ್ಲು ಆರಿಸಿದ ಹಾಗೆ. ಒಂದೊಂದ್ ದಿನ ಬೇಳೆ ಆರಿಸಿಟ್ಟು ಕಲ್ಲನ್ನೇ ಬೇಯಿಸಿಬಿಡೋಣ ಅನ್ಸತ್ತೆ' ಅನ್ನುವಳು. ಆರಿಸಿ ಆರಿಸಿ ಅವಳ ಕಣ್ಣು ಹೋಯಿತು, ನನ್ನ ಹೆಸರು ಬೆಳೆಯಿತು. ಸಭೆಗಳಿಗೆ ಹೋಗುವವನು ನಾನು, ಟೀವಿಯಲ್ಲಿ ಮಾತಾಡುವವನು ನಾನು. ಇವತ್ತು ಇಲ್ಲಿ ನಿಂತಿರುವವನೂ ನಾನೇ. ಬಿನ್ನವತ್ತಳೆಯಲ್ಲಿ ಅವಳ ಹೆಸರು ಒಂದು ಸಲ ಬಂತು. 'ಸಹೋದ್ಯೋಗಿ ದಿವಂಗತ ತಬಾಕೊವಾ' ಎಂದು. ಅದನ್ನೂ ಎಣಿಸಿದೆ.

ಸಭಿಕರೇ, ಅದೇ ಬಿನ್ನವತ್ತಳೆಯಲ್ಲಿ ಒಂದು ಇಡೀ ಪ್ಯಾರಾ 2009ರ ಶಿಶುವಿಹಾರದ ಲಾಟರಿಯ ಬಗ್ಗೆ ಇದೆ. ನಮ್ಮ ಜೀವಮಾನದ ಸಾಧನೆ ಅದೇ ಎಂಬಂತೆ ಇದೆ. ಮರೆತಿರುವವರಿಗೆ ನೆನಪು ಮಾಡುತ್ತೇನೆ. ಊರಿನ ಹೆಸರು ಬೇಡ. ಶಿಶುವಿಹಾರದಲ್ಲಿ ಜಾಗ ಕಡಿಮೆ, ಮಕ್ಕಳು ಜಾಸ್ತಿ, ಹಾಗಾಗಿ ಕಂಪ್ಯೂಟರಿನಲ್ಲಿ ಲಾಟರಿ ಎತ್ತುತ್ತಿದ್ದರು. ಯಂತ್ರಕ್ಕೆ ನೆಂಟರಿಲ್ಲ, ಯಂತ್ರ ಮೋಸ ಮಾಡುವುದಿಲ್ಲ ಎಂದು ತಂದೆತಾಯಂದಿರು ನಂಬಿದ್ದರು. ಆ ಯಂತ್ರಕ್ಕೆ ಕೆಲವು ಮಕ್ಕಳ ಸಂಖ್ಯೆಯನ್ನು ಮೊದಲೇ ಹೇಳಿಕೊಟ್ಟಿದ್ದರು. ಪ್ರತಿ ವರ್ಷ ಅವರವರೇ ಗೆಲ್ಲುತ್ತಿದ್ದರು.

ಇದನ್ನು ನಾವು ಪತ್ತೆ ಹಚ್ಚಿದೆವು ಎಂದು ಬಿನ್ನವತ್ತಳೆ ಹೇಳುತ್ತದೆ. ನಾವೇನೂ ಪತ್ತೆ ಹಚ್ಚಲಿಲ್ಲ. ಆ ಪ್ರೋಗ್ರಾಮು ಬರೆದ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಸ್ಪಾಸ್ ಗೆರ್ಜಿಕೊವ್ ನಮಗೆ ತಂದುಕೊಟ್ಟ. ಬೋನಾ ಚಿಕ್ಕಮ್ಮನ ಒಬ್ಬನೇ ಮಗ. ಆಗ ಮೂವತ್ತೇಳು ವರ್ಷ. ಒಂದು ಬುಧವಾರ ಸಂಜೆ, ತಾಯಿಗೆ ಊಟದ ಡಬ್ಬಿ ತಂದವನ ಹಾಗೆ ಓದುಮನೆಗೆ ಬಂದು, ಮೂರು ಮಹಡಿ ಹತ್ತಿ, ಬೆಂಕಿಪೊಟ್ಟಣವೊಂದನ್ನು ನನ್ನ ಮೇಜಿನ ಮೇಲಿಟ್ಟ. ಅದರೊಳಗೆ ಒಂದು ಪೆನ್‌ಡ್ರೈವ್. ಅದರಲ್ಲಿ ಒಂದು ಕಡತ, ಗೆಲ್ಲಬೇಕಾದ ಮಕ್ಕಳ ಪಟ್ಟಿ.

'ನನ್ ಹೆಸ್ರು ಎಲ್ಲೂ ಬರಬಾರ್ದು ಜಹಾರಿ ಅಣ್ಣ,' ಅಂದ. 'ನನಗೆ ಭಯ ಇಲ್ಲ. ಅಮ್ಮ ಕೆಳಗೇ ಕೂತಿರ್ತಾಳೆ, ಅಷ್ಟೆ.'

ಬರಲ್ಲ ಕಣಪ್ಪ ಎಂದು ಮಾತು ಕೊಟ್ಟವನು ನಾನು. ಕೈಯನ್ನೂ ಹಿಡಿದೆ.

ನಿಮ್ಮಲ್ಲಿ ಕಂಪ್ಯೂಟರ್ ಕೆಲಸ ಬಲ್ಲವರಿದ್ದೀರಿ, ನಿಮಗೆ ಗೊತ್ತಿರುತ್ತದೆ. ಉಳಿದವರಿಗೆ ಹೇಳುತ್ತೇನೆ. ಯಾರಾದರೂ ಒಂದು ಕಡತ ಮಾಡಿದರೆ, ಕಣ್ಣಿಗೆ ಕಾಣದ ಕಡೆ, ಅದರೊಳಗೆ ಮಾಡಿದವರ ಹೆಸರು ತಾನಾಗಿ ಬರೆದುಕೊಂಡಿರುತ್ತದೆ. ಶಿಶುವಿಹಾರಕ್ಕೆ ಹೋಗುವ ಮಗುವಿನ ಅಂಗಿಯ ಒಳಮಗ್ಗುಲಿಗೆ ತಾಯಿ ಹೆಸರು ಹೊಲಿದಿರುತ್ತಾಳಲ್ಲ, ಹಾಗೆ. ಹೊರಗಡೆ ಕೊಡುವ ಮುಂಚೆ ಅದನ್ನು ಕಿತ್ತುಹಾಕಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಸ್ವಾಮಿ. 2003ರಲ್ಲಿ ಅದರ ಬಗ್ಗೆ ನಾನೇ ಬರೆದಿದ್ದೇನೆ. 2006ರಲ್ಲಿ ಮತ್ತೆ ಬರೆದಿದ್ದೇನೆ. 'ಕಡತ ಕಳಿಸುವ ಮುನ್ನ ಹೆಸರು ಕೀಳಿ' ಎಂಬ ತಲೆಬರಹ ಕೂಡ ನನ್ನದೇ. ಊರಿಗೆಲ್ಲ ಬುದ್ಧಿ ಹೇಳಿದವನು ನಾನು.

ಸುದ್ದಿಯನ್ನು ಗುರುವಾರ ಬರೆದು ಮುಗಿಸಿದೆ. ಮೂಲ ಕಡತವನ್ನೂ ಜೊತೆಗೆ ಹಾಕುವುದು ನಮ್ಮ ಪದ್ಧತಿ, ಓದುಗರು ತಾವೇ ತೆಗೆದು ನೋಡಲಿ ಎಂದು. ಶುಕ್ರವಾರ ಬೆಳಿಗ್ಗೆ ನೆವೆನಾ ಕಜಾನ್ಲಕ್‌ನಲ್ಲಿದ್ದ ತಾಯಿಯನ್ನು ನೋಡಲು ಹೊರಟಿದ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ಏನು ಹೇಳಿದಳೋ ಅದು ನನಗೆ ಅಕ್ಷರಶಃ ನೆನಪಿದೆ. 'ನಾಲ್ಕು ಗಂಟೆ ಬಸ್ಸಿಗೆ ಬರ್ತೀನಿ. ಕಡತದ ಒಳಗೆ ನಾನಿನ್ನೂ ಕೈ ಹಾಕಿಲ್ಲ. ಬಂದ ಮೇಲೆ ಬಿಚ್ಚಿ ನೋಡ್ತೀನಿ. ನೀನು ಸುಮ್ನೆ ಕೂತ್ಕೋ. ಸುಮ್ನೆ ಕೂರೋದು ನಿನಗೆ ಕಷ್ಟ ಅಂತ ಗೊತ್ತು, ಆದ್ರೂ ಕೂತ್ಕೋ.'

ನಾನು ಸುಮ್ಮನೆ ಕೂತೆನೇ?

ಹನ್ನೆರಡು ಗಂಟೆಗೆ ಸೋಫಿಯಾದ ಒಂದು ಟೀವಿಯವರು ಫೋನು ಮಾಡಿದರು. ಲಾಟರಿಯ ಬಗ್ಗೆ ಏನೋ ಗಾಳಿಮಾತು ಕೇಳಿಬಂದಿದೆ, ನಿಮ್ಮಲ್ಲಿ ಏನಾದರೂ ಇದೆಯೇ, ಮಧ್ಯಾಹ್ನ ಒಂದು ಗಂಟೆಯ ವಾರ್ತೆಯೊಳಗೆ ನಿಮ್ಮ ತಾಣದಲ್ಲಿ ಬಂದರೆ ನಿಮ್ಮ ಹೆಸರು ಹೇಳಿಯೇ ಹೇಳುತ್ತೇವೆ ಅಂದರು. ಒಂದು ಗಂಟೆಯ ವಾರ್ತೆಯನ್ನು ಇಡೀ ದೇಶ ಊಟದ ತಟ್ಟೆಯ ಮುಂದೆ ಕೂತು ನೋಡುತ್ತದೆ. ಕಾರ್ಖಾನೆಯಿಂದ ಹೊರಗೆ ಹಾಕಿಸಿಕೊಂಡವನು, ಬಾಲ್ಕನಿಯಲ್ಲಿ ಕೂತು ಸುದ್ದಿ ಬರೆದವನು ನಾನು. ನನ್ನ ಹೆಸರು ಒಂದು ಗಂಟೆಯ ವಾರ್ತೆಯಲ್ಲಿ ಬರಲಿ ಅನ್ನಿಸಿತು. ಬೇರೆ ಏನೂ ಅಲ್ಲ. ಮಕ್ಕಳ ಮೇಲಿನ ಮಮಕಾರ ಅಂತ ಹೇಳಬಹುದು, ಸತ್ಯಕ್ಕೆ ಕಾಯಲಾಗಲಿಲ್ಲ ಅಂತ ಹೇಳಬಹುದು. ಎಷ್ಟೋ ಸಭೆಗಳಲ್ಲಿ ಹಾಗೇ ಹೇಳಿದ್ದೇನೆ. ಅದು ಬರೀ ಆಸೆ.

ನೆವೆನಾಳ ಯಂತ್ರ ತೆರೆದೇ ಇತ್ತು. ಅವಳ ಕಾಫಿ ಲೋಟ ಪಕ್ಕದಲ್ಲಿತ್ತು, ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅವಳ ಕುರ್ಚಿ ನನಗೆ ತಗ್ಗು, ಹಾಗಾಗಿ ಪಕ್ಕದ ಹಿಡಿಕೆ ಎಳೆದು ಎತ್ತರ ಮಾಡಿಕೊಂಡು ಕೂತೆ. ಗುಂಡಿ ಒತ್ತಿದೆ. ಕೆಳಗೆ ತಾನಾಗಿ ಮೂಡಿತು: 'ಜ, ನೆ'.

ಒಂದು ಗಂಟೆಯ ವಾರ್ತೆಯಲ್ಲಿ ನನ್ನ ಹೆಸರು ಬಂತು. ಹನ್ನೊಂದು ಸೆಕೆಂಡು. ಒಂದೂ ಮೂವತ್ತೆಂಟಕ್ಕೆ ಸುದ್ದಿಯ ಕೆಳಗೆ ಒಬ್ಬ ಓದುಗ ಬರೆದ: 'ಕಡತದ ಒಳಗೆ ಎಸ್. ಗೆರ್ಜಿಕೊವ್ ಅಂತಿದೆಯಲ್ಲ, ಯಾರಪ್ಪ ಇವನು?' ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ನಾವೇ ಅಲ್ಲವೇ ತೆಗೆದು ನೋಡಿ ಎಂದು ಕಲಿಸಿದವರು? ನಾನು ಕಡತವನ್ನು ಕಿತ್ತುಹಾಕುವ ಹೊತ್ತಿಗೆ ನಾನೂರು ಜನ ಅದನ್ನು ಇಳಿಸಿಕೊಂಡಿದ್ದರು.

ನೆವೆನಾ ನಾಲ್ಕು ಗಂಟೆಯ ಬಸ್ಸಿಗೆ ಬಂದಳು. ಬಸ್ಸಿನಲ್ಲೇ ಯಾರೋ ಹೇಳಿದ್ದರಂತೆ. ಒಳಗೆ ಬಂದವಳು ನನ್ನನ್ನು ಬಯ್ಯಲಿಲ್ಲ. ತನ್ನ ಕುರ್ಚಿಯಲ್ಲಿ ಕೂತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಹಿಡಿಕೆ ಎಳೆದು ಕುರ್ಚಿಯನ್ನು ಮೆಲ್ಲಗೆ ಕೆಳಗಿಳಿಸಿಕೊಂಡಳು.

'ನಾನು ಓದಿಲ್ಲ ಅಂತ ಹೇಳಿದ್ರೆ ಏನಾಗತ್ತೆ ಗೊತ್ತಾ,' ಅಂದಳು. 'ಹನ್ನೊಂದು ವರ್ಷದ್ದು ಎಲ್ಲಾ ಸುದ್ದಿ ಕೆಳಗೂ ಎರಡೆರಡು ಅಕ್ಷರ ಇದೆ. ಒಂದು ಸುಳ್ಳು ಅಂತಾದ್ರೆ ಎಲ್ಲಾನೂ ಸುಳ್ಳು. ನಾಳೆ ಆ ಕಂಪನಿಯವ್ರು ಲಾಟರಿ ಸುದ್ದಿನೂ ಸುಳ್ಳು ಅಂತಾರೆ. ಆ ಮಕ್ಕಳಿಗೆ ಜಾಗಾನೂ ಸಿಗಲ್ಲ, ಸ್ಪಾಸ್‌ಗೆ ಕೆಲ್ಸಾನೂ ಉಳಿಯಲ್ಲ.'

ಹಾಗಾದರೆ ಏನು ಮಾಡೋಣ ಎಂದು ನಾನು ಕೇಳಿದೆ. ಸಭಿಕರೇ, 'ಏನು ಮಾಡೋಣ' ಎಂದು ಕೇಳಿದೆ. 'ಏನು ಮಾಡಲಿ' ಎಂದು ಕೇಳಲಿಲ್ಲ.

ಅವಳು ತಿದ್ದುಪಡಿ ಬರೆದಳು. 'ಕಡತದ ಒಳಗಿನ ಮಾಹಿತಿಯನ್ನು ಪರೀಕ್ಷಿಸದೆ ಪ್ರಕಟಿಸಲಾಯಿತು. ಈ ತಪ್ಪು, ಓದಿ ಒಪ್ಪಿದವರದು. ನೆ.' ಕೆಳಗೆ ನಾನು ಎರಡನೆಯ ಅಕ್ಷರ ಹಾಕಿದೆ, 'ಜ' ಎಂದು. ಓದಿದ್ದೇನೆ, ಒಪ್ಪಿದ್ದೇನೆ ಎಂದು. ಆ ಗುಂಡಿ ಒತ್ತಿದ ಬೆರಳು ಇದೇ.

ಲಾಟರಿಯನ್ನು ಮತ್ತೆ ಎತ್ತಿದರು. ನೂರನಲವತ್ತು ಮಕ್ಕಳಿಗೆ ಜಾಗ ಸಿಕ್ಕಿತು. ಜನ ಹೂವು ತಂದುಕೊಟ್ಟರು. ಅದೇ ವಾರ ಸ್ಪಾಸ್‌ನನ್ನು ಕೆಲಸದಿಂದ ತೆಗೆದರು. ಕಂಪನಿಯ ಗುಟ್ಟು ಹೊರಹಾಕಿದ ಎಂದು ಕೇಸು ಹಾಕಿದರು. ಎರಡು ವರ್ಷ ಎಳೆದಾಡಿಸಿ ಕೈಬಿಟ್ಟರು. ಅಷ್ಟರಲ್ಲಿ ಈ ಊರಿನಲ್ಲಿ, ಪ್ಲೋವ್‌ದಿವ್‌ನಲ್ಲಿ, ಸೋಫಿಯಾದಲ್ಲಿ ಅವನಿಗೆ ಕೆಲಸ ಕೊಡುವವರು ಯಾರೂ ಇರಲಿಲ್ಲ. ಒಳಗಿನ ಮಾತು ಹೊರಗೆ ಹಾಕುವವನನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ಸ್ಪೇನಿಗೆ ಹೋದ. ಪ್ಲಾಸ್ಟಿಕ್ ಹೊದಿಸಿದ ತೋಟಗಳಲ್ಲಿ ಮೆಣಸಿನಕಾಯಿ ಕೀಳುವ ಕೆಲಸ. ಲೆಕ್ಕದಲ್ಲಿ ಚಿನ್ನದ ಪದಕ ತೆಗೆದುಕೊಂಡಿದ್ದ ಹುಡುಗ.

ಹೋಗುವ ಮುಂಚೆ ಒಂದು ಸಲ ನಮ್ಮ ಕೋಣೆಗೆ ಬಂದ. ನನ್ನ ಕಡೆ ನೋಡಿ ತಲೆಯಾಡಿಸಿದ, ಪರಿಚಯದವರಿಗೆ ಆಡಿಸುವ ಹಾಗೆ. ಆಮೇಲೆ ನೆವೆನಾಳ ಮೇಜಿನ ಮುಂದೆ ನಿಂತ. 'ನೀವ್ ಓದಿದ್ರಾ, ನೆವೆನಾ ಅಕ್ಕ?' ಎಂದು ಕೇಳಿದ. ಅವಳು 'ಓದಿದ್ದೆ' ಅಂದಳು. 'ಸರಿ ಹಾಗಾದ್ರೆ,' ಅಂದ. ಅಷ್ಟೇ. ಮೆಟ್ಟಿಲು ಇಳಿದು ಹೋದ. ನಾನು ನನ್ನ ಪರದೆಯ ಮೇಲೆ ಏನೋ ಓದುತ್ತಿದ್ದೆ. ಏನೂ ಓದುತ್ತಿರಲಿಲ್ಲ.

2013ರ ಮೇ ತಿಂಗಳಲ್ಲಿ ಕೆಲಸದವರನ್ನು ತೋಟಕ್ಕೆ ಒಯ್ಯುತ್ತಿದ್ದ ವ್ಯಾನು ಮಗುಚಿ ಅವನು ಸತ್ತ. ಅವತ್ತಿನಿಂದ ಪ್ರತಿ ಮೇ ತಿಂಗಳಲ್ಲಿ ಬೋನಾ ಚಿಕ್ಕಮ್ಮ ಈ ಓದುಮನೆಯ ಬಾಗಿಲಿಗೆ ಅವನ ಫೋಟೋ ಇರುವ ಸಾವಿನ ಚೀಟಿ ಅಂಟಿಸುತ್ತಾರೆ. ನಮ್ಮ ಊರಿನಲ್ಲಿ ಯಾವ ಬಾಗಿಲಿಗೆ, ಯಾವ ಮರಕ್ಕೆ ಚೀಟಿ ಇಲ್ಲ? ಬಸ್ಸಿಗೆ ಕಾಯುತ್ತಾ ಸತ್ತವರನ್ನು ಓದುವ ಜನ ನಾವು. ಆದರೂ ಇವತ್ತು ಒಳಗೆ ಬರುವಾಗ ಆ ಫೋಟೋ ನೋಡಿದೆ. 'ಹನ್ನೊಂದು ವರ್ಷ ನೀನಿಲ್ಲದೆ. ಅಮ್ಮ.' ಅದರ ಪಕ್ಕದಲ್ಲೇ, ಅದೇ ಅಂಟಿನಲ್ಲಿ, ನನ್ನ ಸನ್ಮಾನದ ಕರೆಯೋಲೆ ಅಂಟಿಸಿತ್ತು. ಎರಡನ್ನೂ ಅಂಟಿಸಿದ ಕೈ ಒಂದೇ.

ಈಗ ನಿಮಗೆ ಜಾಡಿಯ ವಿಷಯ ಹೇಳಬೇಕು. ಹೇಳಬಾರದೆಂದುಕೊಂಡಿದ್ದೆ. ಬೋನಾ ಚಿಕ್ಕಮ್ಮ ಪ್ರತಿ ಅಕ್ಟೋಬರಿನಲ್ಲಿ ಲ್ಯುತೆನಿತ್ಸಾ ಮಾಡಿ ನನಗೊಂದು ಜಾಡಿ ಕೊಡುತ್ತಾರೆ. ಮುಚ್ಚಳದ ಮೇಲೆ ನನ್ನ ಹೆಸರು ಬರೆದಿರುತ್ತಾರೆ. ಮೊದಲ ವರ್ಷ ಕೊಡುವಾಗ, 'ನೀನು ಕೈ ಹಿಡಿದು ಮಾತು ಕೊಟ್ಟಿದ್ದೆ ಅಂತ ಸ್ಪಾಸ್ ಹೇಳಿದ. ನಿನ್ನ ತಪ್ಪಿಲ್ಲಪ್ಪ. ಓದಬೇಕಾದವಳು ಓದಲಿಲ್ಲ' ಅಂದರು. ಹದಿನೈದು ಜಾಡಿ ತಿಂದಿದ್ದೇನೆ. ನೆವೆನಾಳಿಗೆ ಒಂದೂ ಬರಲಿಲ್ಲ. ಹದಿನೈದು ವರ್ಷ ಅವಳು ಇದೇ ಬಾಗಿಲಲ್ಲಿ ಒಳಗೆ ಬಂದು 'ಶುಭದಿನ ಚಿಕ್ಕಮ್ಮ' ಅನ್ನುತ್ತಿದ್ದಳು. ಹದಿನೈದು ವರ್ಷ ಉತ್ತರ ಬರಲಿಲ್ಲ. ನಾನು ಮಧ್ಯಾಹ್ನ ಬ್ರೆಡ್ಡಿಗೆ ಸವರಿಕೊಂಡು ಒಮ್ಮೊಮ್ಮೆ ಅವಳ ಕಡೆಗೆ ಜಾಡಿ ಚಾಚುತ್ತಿದ್ದೆ. ಮುಖ ಗಟ್ಟಿ ನೋಡಿ ನನ್ನದು. 'ತಿನ್ನು ತಿನ್ನು,' ಅನ್ನುವಳು, 'ಅದು ನಿನ್ ಪಾಲಿಂದು.'

ಈ ಏಪ್ರಿಲಿನಲ್ಲಿ ನೆವೆನಾ ಹೋದಳು. ಮಾರ್ಚಿನಲ್ಲೇ ಅವಳಿಗೆ ಗೊತ್ತಿತ್ತು. ಒಂದು ದಿನ ಕೋಣೆಯಲ್ಲಿ ಕೂತು, 'ನಾನ್ ಹೋದ ಮೇಲೆ ತಿದ್ದುಪಡಿ ಹಾಕು ಅಂತ ಹೇಳಲ್ಲ,' ಅಂದಳು. 'ಹಾಕಬೇಕು ಅನ್ಸಿದ್ರೆ ಎರಡನೇ ಅಕ್ಷರಕ್ಕೆ ಯಾರಿದ್ದಾರೆ ಅಂತ ಕೇಳ್ತಿದ್ದೀನಿ ಅಷ್ಟೆ.' ನಾನು ಮಾತು ಬದಲಿಸಿದೆ. ಕಿಟಕಿಯಾಚೆಯ ಲಿಂಡನ್ ಮರ ಈ ಸಲ ಬೇಗ ಚಿಗುರಿದೆ ಎಂದೇನೋ ಹೇಳಿದೆ.

ಶ್ಟೆಕೆರ್ ಯಾಕೆ ನಿಂತಿತು ಎಂದು ಅಧ್ಯಕ್ಷರು ಬಹಳ ನಯವಾಗಿ ಕೇಳಿದರು. ಕಾಲ ಬದಲಾಯಿತು, ಓದುಗರು ಕಡಿಮೆಯಾದರು ಎಂದು ಅವರೇ ಉತ್ತರವನ್ನೂ ಕೊಟ್ಟರು. ಓದುಗರು ಕಡಿಮೆಯಾದದ್ದು ನಿಜ. ಆದರೆ ನಿಂತದ್ದು ಅದಕ್ಕಲ್ಲ. ಏಪ್ರಿಲ್ ಇಪ್ಪತ್ತಮೂರರ ಮೇಲೆ ಒಂದು ಸುದ್ದಿಯೂ ಏರಿಲ್ಲ, ಯಾಕೆಂದರೆ ಒತ್ತುವವರು ಇಲ್ಲ. ಬೇರೆ ಯಾರನ್ನಾದರೂ ಕೂರಿಸಿಕೊಳ್ಳಬಹುದಿತ್ತು ಅನ್ನುತ್ತೀರಿ. ಯಾರನ್ನು ಕೂರಿಸಲಿ ಆ ಕುರ್ಚಿಯ ಮೇಲೆ? ನೆವೆನಾ ಸತ್ತ ಸುದ್ದಿಯನ್ನೇ ಹಾಕಲಾಗಲಿಲ್ಲ. ಬರೆದೆ. ಕೆಳಗೆ 'ಜ' ಎಂದು ಹಾಕಿದೆ. ಎರಡನೆಯ ಅಕ್ಷರ ಇರಲಿಲ್ಲ. ಇಪ್ಪತ್ತಾರು ವರ್ಷ ಆ ತಾಣ ನಡೆಸಿದವಳ ಸಾವು ಆ ತಾಣದಲ್ಲಿ ಇಲ್ಲ. ಕಾಗದದ ಚೀಟಿ ಮಾಡಿಸಿ ಅವಳ ಮನೆ ಬಾಗಿಲಿಗೆ ಅಂಟಿಸಿ ಬಂದೆ.

ಮಣ್ಣು ಮಾಡಿದ ದಿನ, ಸ್ಮಶಾನದ ಗೇಟಿನಲ್ಲಿ ಸಾವಿನ ಗೋಧಿ ಹಂಚಿದವನು ನಾನೇ. ಅವಳಿಗೆ ಬೇರೆ ಯಾರೂ ಇರಲಿಲ್ಲ. ಬೇಯಿಸಿದ ಗೋಧಿ, ಸಕ್ಕರೆ, ಅಕ್ರೋಟಿನ ಪುಡಿ, ಚಿಕ್ಕ ಚಿಕ್ಕ ಲೋಟಗಳಲ್ಲಿ. ತೆಗೆದುಕೊಂಡವರು 'ದೇವರು ಮನ್ನಿಸಲಿ' ಅನ್ನಬೇಕು. ಶತ್ರುವಾದರೂ ತೆಗೆದುಕೊಳ್ಳುತ್ತಾನೆ, ಶತ್ರುವಾದರೂ ಆ ಮಾತು ಅನ್ನುತ್ತಾನೆ. ಬೋನಾ ಚಿಕ್ಕಮ್ಮ ಬಂದಿದ್ದರು. ಯಾಕೆ ಬಂದರೋ, ಬಂದಿದ್ದರು. ನಾನು ಲೋಟ ಚಾಚಿದೆ. ಅವರು ಕೈಗಳನ್ನು ಕೋಟಿನ ಜೇಬಿನಿಂದ ತೆಗೆಯಲಿಲ್ಲ. 'ಇಲ್ಲ ಜಹಾರಿ. ಇವಳಿಗೆ ನಾನು ಅನ್ನಲಾರೆ. ನಿನಗೆ ಬೇಸರ ಆಗಬಾರ್ದು' ಅಂದರು.

ನನಗೆ ಬೇಸರ ಆಗಬಾರದಂತೆ.

ಆ ಹೊತ್ತಿನಲ್ಲಿ ಬಾಯಿ ಬಿಟ್ಟಿದ್ದರೆ ಒಂದು ವಾಕ್ಯ ಸಾಕಿತ್ತು. ಲೋಟವನ್ನು ಹಿಂದಕ್ಕೆ ತೆಗೆದುಕೊಂಡು ಮುಂದಿನವರಿಗೆ ಕೊಟ್ಟೆ. ಸಾಲಿನಲ್ಲಿ ಜನ ಕಾಯುತ್ತಿದ್ದರು.

ಮಾನ್ಯ ಅಧ್ಯಕ್ಷರೇ, ನೀವು ಗಡಿಯಾರ ನೋಡಿದ್ದನ್ನು ಗಮನಿಸಿದೆ, ಮುಗಿಸುತ್ತೇನೆ. ಬಲಜೇಬಿನ ಎರಡು ಪುಟ ಅಲ್ಲೇ ಇರಲಿ. ಎಡಜೇಬಿನಲ್ಲಿ ಇನ್ನೊಂದಿದೆ. ಅದನ್ನು ಏಪ್ರಿಲ್ ಕೊನೆಯಲ್ಲಿ ಬರೆದೆ. ಅವತ್ತಿನಿಂದ ಕೋಟು ಬದಲಾಯಿಸಿದಾಗೆಲ್ಲ ಅದನ್ನೂ ಬದಲಾಯಿಸಿಕೊಂಡು ತಿರುಗುತ್ತಿದ್ದೇನೆ. ಓದುತ್ತೇನೆ.

ತಿದ್ದುಪಡಿ. 2009ರ ಜೂನ್ ಐದು, ಶುಕ್ರವಾರ, 'ಯಾವಾಗಲೂ ಗೆಲ್ಲುವ ಮಕ್ಕಳು' ಎಂಬ ಸುದ್ದಿಯ ಕೆಳಗೆ 'ಜ, ನೆ' ಎಂದಿದೆ. ತಪ್ಪು. 'ಜ, ಜ' ಎಂದಿರಬೇಕು. ನೆವೆನಾ ತಬಾಕೊವಾ ಆ ಸುದ್ದಿಯನ್ನು ಓದಿರಲಿಲ್ಲ, ಕಡತವನ್ನು ತೆರೆದಿರಲಿಲ್ಲ, ಆ ಹೊತ್ತಿನಲ್ಲಿ ಊರಿನಲ್ಲೇ ಇರಲಿಲ್ಲ. ಕಾಯಬೇಕೆಂದು ಹೇಳಿ ಹೋಗಿದ್ದಳು. ಅವಳ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದವನು ಜಹಾರಿ ಮಿಂದೊವ್. ಸ್ಪಾಸ್ ಗೆರ್ಜಿಕೊವ್‌ನ ಹೆಸರನ್ನು ಹೊರಗೆ ಹಾಕಿದವನೂ ಅವನೇ. ಅದರ ಮೇಲೆ ನೆವೆನಾ ಬರೆದ ತಿದ್ದುಪಡಿಯೂ ಸುಳ್ಳು, ಅದನ್ನು ಸುಳ್ಳೆಂದು ತಿಳಿದೇ ಒಪ್ಪಿದವನೂ ಅವನೇ. ಜ.

ಎರಡನೆಯ ಅಕ್ಷರದ ಜಾಗ ಖಾಲಿ ಇದೆ.

ಹಲಗೆಯನ್ನು ನಾನು ಒಯ್ಯುವುದಿಲ್ಲ. ಮೇಲೆ ಚದುರಂಗ ಕೋಣೆಯಲ್ಲಿ ಒಂದು ತಗ್ಗು ಕುರ್ಚಿ ಇದೆ. ಇಡುವುದಾದರೆ ಅದರ ಮೇಲೆ ಇಡಿ.

ಬೋನಾ ಚಿಕ್ಕಮ್ಮ, ನೀವು ಎದ್ದು ಹೋಗಿಲ್ಲ. ಕೂತಿದ್ದೀರಿ. ಈ ಕಾಗದವನ್ನು ನೀವಿಟ್ಟ ಲೋಟದ ಕೆಳಗೆ ಇಟ್ಟು ಹೋಗುತ್ತೇನೆ. ಅಕ್ಷರ ಹಾಕಿ ಎಂದು ಕೇಳುವ ಮುಖ ನನಗಿಲ್ಲ. ಓದಿ ಅಷ್ಟೇ. ಕ್ಷಮಿಸಿ ಎಂದೂ ಕೇಳುವುದಿಲ್ಲ, ಅದನ್ನು ಕೇಳಬೇಕಾದವರಿಬ್ಬರೂ ಚೀಟಿಯಲ್ಲಿದ್ದಾರೆ. ಒಂದೇ ಒಂದು ಕೇಳುತ್ತೇನೆ. ನಾಳೆಯಲ್ಲ, ಮುಂದಿನ ಶನಿವಾರ ನೆವೆನಾಳಿಗೆ ನಲವತ್ತು ದಿನ ತುಂಬುತ್ತದೆ. ಹತ್ತು ಗಂಟೆಗೆ ಗೋಧಿ ಬೇಯಿಸಿಕೊಂಡು ಅವಳ ಮಣ್ಣಿನ ಹತ್ತಿರ ಬಂದಿರುತ್ತೇನೆ. ನನ್ನ ಕೈಯಿಂದ ತೆಗೆದುಕೊಳ್ಳಬೇಡಿ. ತಟ್ಟೆಯನ್ನು ಕಲ್ಲಿನ ಮೇಲಿಟ್ಟು ಗೇಟಿನಾಚೆ ಹೋಗಿ ನಿಲ್ಲುತ್ತೇನೆ, ನೀವು ಹೋಗುವವರೆಗೂ ಒಳಗೆ ಬರುವುದಿಲ್ಲ. ಅವಳ ಹೆಸರಿನಲ್ಲಿ ಒಂದು ಚಮಚ ತೆಗೆದುಕೊಳ್ಳಿ.

ಈ ಅಕ್ಟೋಬರಿನಲ್ಲಿ ನನಗೆ ಜಾಡಿ ಬೇಡ ಚಿಕ್ಕಮ್ಮ.

ಹಾಡಿದ ಸೋದರಿಯರಿಗೆ, ಹೂವು ತಂದ ಉಪಮೇಯರ್ ಅವರಿಗೆ, ಬಾಗಿಲ ಪಕ್ಕದಲ್ಲಿದ್ದೂ ಎದ್ದು ಹೋಗದ ಜಾಣರಿಗೆ, ಈ ನೀರಿಗೆ, ನನ್ನ ಕೃತಜ್ಞತೆ. ನಮಸ್ಕಾ‌ರ.